ಫಾಲೌಟ್ 3 ಆಟದ ವಿಸ್ತರಣಾ ಕಂತುಗಳು

ಫಾಲೌಟ್ 3 ಆಟದ ವಿಸ್ತರಣಾ ಕಂತುಗಳು ಎಂದರೆ ಅಮೆರಿಕದ ಬೆಥೆಸ್ಡಾ ಗೇಮ್ ಸ್ಟುಡಿಯೋಸ್ ಸಂಸ್ಥೆಯು ತನ್ನ ಫಾಲೌಟ್ 3 ಎಂಬ ವಿಡಿಯೋ ಗೇಮ್‌ಗೆ 2009ರ ಜನವರಿಯಿಂದ ಆಗಸ್ಟ್‌ವರೆಗೆ ಅಂತರಜಾಲದ ಮೂಲಕ ಬಿಡುಗಡೆ ಮಾಡಿದ ಐದು ಹೆಚ್ಚುವರಿ ಭಾಗಗಳು. ಆಪರೇಷನ್ ಆಂಕರೇಜ್, ದಿ ಪಿಟ್, ಬ್ರೋಕನ್ ಸ್ಟೀಲ್, ಪಾಯಿಂಟ್ ಲುಕೌಟ್ ಮತ್ತು ಮದರ್‌ಶಿಪ್ ಝೀಟಾ ಎಂಬುವು ಇವುಗಳ ಹೆಸರುಗಳು. ಅಣುಯುದ್ಧದಿಂದ ನಾಶವಾದ ಜಗತ್ತಿನಲ್ಲಿ ನಡೆಯುವ ಮೂಲ ಆಟಕ್ಕೆ ಇವು ಹೊಸ ಪ್ರದೇಶ, ಹೊಸ ಕಥೆ, ಹೊಸ ಆಯುಧ ಮತ್ತು ಹೊಸ ಶತ್ರುಗಳನ್ನು ಸೇರಿಸುತ್ತವೆ. ಇವುಗಳಲ್ಲಿ ಮೂರನೆಯದಾದ ಬ್ರೋಕನ್ ಸ್ಟೀಲ್ ಮೂಲ ಆಟದ ಅಂತ್ಯವನ್ನೇ ಬದಲಾಯಿಸಿತು. ಮಾರಾಟವಾದ ಕೃತಿಯೊಂದರ ಮುಕ್ತಾಯವನ್ನು ಅದರ ತಯಾರಕರೇ ತಿದ್ದಿ, ಆ ತಿದ್ದುಪಡಿಯನ್ನು ಪ್ರತ್ಯೇಕ ಬೆಲೆಗೆ ಮಾರಿದ ಪ್ರಸಿದ್ಧ ಉದಾಹರಣೆಯಾಗಿ ಈ ಕಂತನ್ನು ಇಂದಿಗೂ ಉಲ್ಲೇಖಿಸಲಾಗುತ್ತದೆ.

ಮೂಲ ಆಟದ ಎಕ್ಸ್‌ಬಾಕ್ಸ್ 360 ಆವೃತ್ತಿಯನ್ನು ಭಾರತದಲ್ಲಿ ಬಿಡುಗಡೆ ಮಾಡುವುದಿಲ್ಲವೆಂದು ಮೈಕ್ರೋಸಾಫ್ಟ್ ಸಂಸ್ಥೆ 2008ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತ್ತು. ಹೀಗಾಗಿ ಭಾರತೀಯ ಓದುಗರಿಗೆ ಈ ಕಂತುಗಳ ಇತಿಹಾಸವು ಬೇರೊಂದು ಕಾರಣದಿಂದಲೂ ಗಮನಾರ್ಹವಾಗಿದೆ.

ಪದದ ಅರ್ಥ

ವಿಡಿಯೋ ಗೇಮ್ ಮಾರುಕಟ್ಟೆಗೆ ಬಂದ ನಂತರ ಅದಕ್ಕೆ ಸೇರಿಸಲೆಂದು ತಯಾರಿಸಿ, ಅಂತರಜಾಲದಿಂದ ಇಳಿಸಿಕೊಳ್ಳುವಂತೆ ಒದಗಿಸುವ ಭಾಗವನ್ನು ಡೌನ್‌ಲೋಡ್ ಕಂತು ಎನ್ನಬಹುದು. ಆಟಗಾರರ ನಡುವೆ ಇದು ಡಿಎಲ್‌ಸಿ ಎಂಬ ಸಂಕ್ಷಿಪ್ತ ಹೆಸರಿನಿಂದಲೇ ಪ್ರಚಲಿತವಾಗಿದೆ. ಇದು ಸ್ವತಂತ್ರ ಆಟವಲ್ಲ. ಮೂಲ ಆಟ ಇಲ್ಲದಿದ್ದರೆ ಕಂತು ಕೆಲಸ ಮಾಡುವುದಿಲ್ಲ. ದೋಷ ಸರಿಪಡಿಸಲು ಉಚಿತವಾಗಿ ಕೊಡುವ ಪರಿಷ್ಕರಣೆಗಳಿಗಿಂತಲೂ ಇದು ಭಿನ್ನ. ಕಂತಿಗೆ ಸಾಮಾನ್ಯವಾಗಿ ಬೆಲೆ ಇರುತ್ತದೆ.

ಇಂತಹ ವಿಸ್ತರಣೆಗಳು 1990ರ ದಶಕದಲ್ಲಿಯೂ ಇದ್ದವು. ಆಗ ಅವು ಡಿಸ್ಕ್ ರೂಪದಲ್ಲಿ, ಪ್ರತ್ಯೇಕ ಪೆಟ್ಟಿಗೆಯಲ್ಲಿ ಅಂಗಡಿಗಳಲ್ಲಿ ಸಿಗುತ್ತಿದ್ದವು. ಪೆಟ್ಟಿಗೆ, ಮುದ್ರಣ ಮತ್ತು ಸಾಗಣೆಯ ವೆಚ್ಚವಿದ್ದುದರಿಂದ ಚಿಕ್ಕ ವಿಸ್ತರಣೆಯನ್ನು ಮಾರುವುದು ಲಾಭದಾಯಕವಾಗಿರಲಿಲ್ಲ. ಅಂತರಜಾಲ ಸಂಪರ್ಕವಿರುವ ಆಟದ ಯಂತ್ರಗಳು ಬಂದ ಮೇಲೆ ಕೆಲವು ಗಂಟೆಗಳ ಕಥೆಯನ್ನೂ, ಒಂದೇ ಒಂದು ಉಡುಪನ್ನೂ ಪ್ರತ್ಯೇಕವಾಗಿ ಮಾರುವುದು ಸಾಧ್ಯವಾಯಿತು.

ಬೆಥೆಸ್ಡಾ ಸಂಸ್ಥೆಗೆ ಈ ವ್ಯಾಪಾರದ ಕಹಿ ಮತ್ತು ಸಿಹಿ ಎರಡೂ ಮೊದಲೇ ಪರಿಚಿತವಾಗಿದ್ದವು. 2006ರ ಏಪ್ರಿಲ್‌ನಲ್ಲಿ ಅದು ತನ್ನ ಒಬ್ಲಿವಿಯನ್ ಆಟಕ್ಕೆ ಕುದುರೆಯ ಕವಚವೊಂದನ್ನು 200 ಮೈಕ್ರೋಸಾಫ್ಟ್ ಪಾಯಿಂಟ್‌ಗಳಿಗೆ, ಅಂದರೆ ಎರಡೂವರೆ ಡಾಲರಿಗೆ ಮಾರಿತು. ಆಟದ ಗತಿಗೆ ಹೆಚ್ಚೇನೂ ಸೇರಿಸದ ಅಲಂಕಾರಕ್ಕೆ ಹಣ ಕೇಳಿದ್ದು ವ್ಯಾಪಕ ಟೀಕೆಗೆ ಗುರಿಯಾಯಿತು. ಅದೇ ಆಟಕ್ಕೆ 2007ರಲ್ಲಿ ಬಂದ ಶಿವರಿಂಗ್ ಐಲ್ಸ್ ಎಂಬ ದೊಡ್ಡ ವಿಸ್ತರಣೆಯಾದರೋ ಉತ್ತಮ ಸ್ವಾಗತ ಪಡೆಯಿತು. ಫಾಲೌಟ್ 3ರ ಕಂತುಗಳು ಈ ಎರಡರ ನಡುವಿನ ಗಾತ್ರದವು. ಪ್ರತಿಯೊಂದೂ ಕೆಲವು ಗಂಟೆಗಳ ಕಥೆಯನ್ನು ಒಳಗೊಂಡಿದ್ದು, 800 ಮೈಕ್ರೋಸಾಫ್ಟ್ ಪಾಯಿಂಟ್‌ಗಳ, ಅಂದರೆ 10 ಡಾಲರ್‌ಗಳ ಬೆಲೆ ಹೊಂದಿತ್ತು.

ಹಿನ್ನೆಲೆ

ಫಾಲೌಟ್ ಸರಣಿಯ ಮೊದಲ ಆಟವನ್ನು ಇಂಟರ್‌ಪ್ಲೇ ಸಂಸ್ಥೆ 1997ರಲ್ಲಿ ಹೊರತಂದಿತು. ಎರಡನೆಯದು 1998ರಲ್ಲಿ ಬಂದಿತು. ಬೆಥೆಸ್ಡಾ 2004ರಲ್ಲಿ ಮೂರನೆಯ ಆಟವನ್ನು ತಯಾರಿಸುವ ಪರವಾನಗಿ ಪಡೆದು, 2007ರಲ್ಲಿ ಸರಣಿಯ ಸಂಪೂರ್ಣ ಹಕ್ಕನ್ನು ಖರೀದಿಸಿತು. ಟಾಡ್ ಹೊವಾರ್ಡ್ ನಿರ್ದೇಶನದ, ಎಮಿಲ್ ಪಗ್ಲಿಯಾರುಲೊ ಮುಖ್ಯ ವಿನ್ಯಾಸಕಾರರೂ ಲೇಖಕರೂ ಆಗಿದ್ದ ಫಾಲೌಟ್ 3 ಆಟವು 2008ರ ಅಕ್ಟೋಬರ್ 28ರಂದು ಉತ್ತರ ಅಮೆರಿಕದಲ್ಲಿ ವಿಂಡೋಸ್, ಎಕ್ಸ್‌ಬಾಕ್ಸ್ 360 ಮತ್ತು ಪ್ಲೇಸ್ಟೇಷನ್ 3 ಯಂತ್ರಗಳಿಗೆ ಬಿಡುಗಡೆಯಾಯಿತು. 2009ರ ಗೇಮ್ ಡೆವಲಪರ್ಸ್ ಚಾಯ್ಸ್ ಪ್ರಶಸ್ತಿಗಳಲ್ಲಿ ಅದು ವರ್ಷದ ಆಟವೆಂಬ ಮನ್ನಣೆಯನ್ನೂ ಶ್ರೇಷ್ಠ ಬರವಣಿಗೆಯ ಪ್ರಶಸ್ತಿಯನ್ನೂ ಪಡೆಯಿತು.

ಇದು ರೋಲ್ ಪ್ಲೇಯಿಂಗ್ ಬಗೆಯ ಆಟ. ಆಟಗಾರನು ಪಾತ್ರವೊಂದನ್ನು ರೂಪಿಸಿಕೊಂಡು, ಅದರ ಬಲ, ಬುದ್ಧಿ, ಮಾತಿನ ಚಾತುರ್ಯ ಮುಂತಾದ ಗುಣಗಳನ್ನು ಬೆಳೆಸುತ್ತಾ, ಎದುರಾಗುವ ಸನ್ನಿವೇಶಗಳಲ್ಲಿ ತನ್ನದೇ ನಿರ್ಧಾರ ಕೈಗೊಳ್ಳುತ್ತಾನೆ. ಕಥೆಯ ಪ್ರಕಾರ 2077ರ ಅಕ್ಟೋಬರ್ 23ರಂದು ಅಮೆರಿಕ ಮತ್ತು ಚೀನಾ ನಡುವಿನ ಸಂಘರ್ಷವು ಅಣ್ವಸ್ತ್ರಗಳ ವಿನಿಮಯದಲ್ಲಿ ಕೊನೆಗೊಂಡು ನಾಗರಿಕತೆ ನಾಶವಾಗುತ್ತದೆ. ಎರಡು ಶತಮಾನಗಳ ನಂತರ, 2277ರಲ್ಲಿ, ನೆಲದಡಿಯ ಆಶ್ರಯತಾಣವಾದ ವಾಲ್ಟ್ 101ರಲ್ಲಿ ಬೆಳೆದ ತರುಣ ಅಥವಾ ತರುಣಿ ತನ್ನ ತಂದೆಯನ್ನು ಹುಡುಕುತ್ತಾ ಹೊರಬರುವಲ್ಲಿಂದ ಕಥೆ ಆರಂಭವಾಗುತ್ತದೆ. ವಾಷಿಂಗ್ಟನ್ ನಗರ ಮತ್ತು ಸುತ್ತಲಿನ ಪಾಳುಭೂಮಿಯೇ ಆಟದ ಅಂಗಳ.

ಈ ಜಗತ್ತಿನ ಮುಖ್ಯ ಸಮಸ್ಯೆ ನೀರು. ನದಿ, ಹೊಂಡ, ನಲ್ಲಿ ಎಲ್ಲೆಡೆಯ ನೀರಿನಲ್ಲಿಯೂ ವಿಕಿರಣವಿದೆ. ಕುಡಿದರೆ ಬಾಯಾರಿಕೆ ಹೋದರೂ ಕಾಯಿಲೆ ಬರುತ್ತದೆ. ನಾಯಕನ ತಂದೆ ಜೇಮ್ಸ್ ಜೆಫರ್ಸನ್ ಸ್ಮಾರಕದಲ್ಲಿ ಸ್ಥಾಪಿಸಹೊರಟ ಬೃಹತ್ ಜಲಶುದ್ಧೀಕರಣ ಯೋಜನೆಯೇ ಮುಖ್ಯ ಕಥೆಯ ಕೇಂದ್ರ. ಆ ಯಂತ್ರವನ್ನು ಯಾರು ಚಾಲನೆಗೊಳಿಸಬೇಕು, ಯಾರ ಹಿಡಿತದಲ್ಲಿ ಅದು ಇರಬೇಕು ಎಂಬುದಕ್ಕಾಗಿ ಬ್ರದರ್‌ಹುಡ್ ಆಫ್ ಸ್ಟೀಲ್ ಎಂಬ ಯೋಧರ ಸಂಘಕ್ಕೂ ಎನ್‌ಕ್ಲೇವ್ ಎಂಬ ಹಳೆಯ ಸರ್ಕಾರದ ಅವಶೇಷಕ್ಕೂ ಹೋರಾಟ ನಡೆಯುತ್ತದೆ.

ಬಿಡುಗಡೆ

ವಿಸ್ತರಣಾ ಕಂತುಗಳು ಎಕ್ಸ್‌ಬಾಕ್ಸ್ 360 ಮತ್ತು ವಿಂಡೋಸ್ ಯಂತ್ರಗಳಿಗೆ ಮಾತ್ರ ದೊರೆಯುವುವೆಂದು 2008ರಲ್ಲಿಯೇ ಪ್ರಕಟಿಸಲಾಗಿತ್ತು. ಐದೂ ಕಂತುಗಳು ಈ ಕೆಳಗಿನ ದಿನಾಂಕಗಳಂದು ಆ ಎರಡು ಯಂತ್ರಗಳಿಗೆ ಬಂದವು.

ಆಪರೇಷನ್ ಆಂಕರೇಜ್: 2009ರ ಜನವರಿ 27
ದಿ ಪಿಟ್: 2009ರ ಮಾರ್ಚ್ 24
ಬ್ರೋಕನ್ ಸ್ಟೀಲ್: 2009ರ ಮೇ 5
ಪಾಯಿಂಟ್ ಲುಕೌಟ್: 2009ರ ಜೂನ್ 23
ಮದರ್‌ಶಿಪ್ ಝೀಟಾ: 2009ರ ಆಗಸ್ಟ್ 3

ದಿ ಪಿಟ್ ಬಿಡುಗಡೆಯಾದ ದಿನವೇ ಎಕ್ಸ್‌ಬಾಕ್ಸ್ ಆವೃತ್ತಿಯ ಕಡತ ದೋಷಪೂರಿತವಾಗಿರುವುದು ಕಂಡುಬಂದು, ಅದನ್ನು ಹಿಂತೆಗೆದುಕೊಂಡು ಸರಿಪಡಿಸಿ ಮತ್ತೆ ಒದಗಿಸಲಾಯಿತು. ಪ್ಲೇಸ್ಟೇಷನ್ 3 ಬಳಕೆದಾರರು ಮೊದಲಿಗೆ ಈ ಕಂತುಗಳಿಂದ ವಂಚಿತರಾಗಿದ್ದರು. ಅವರಿಗೆ 2009ರ ಸೆಪ್ಟೆಂಬರ್ ಕೊನೆಯಿಂದ ಒಂದೊಂದಾಗಿ ಕಂತುಗಳು ದೊರೆಯತೊಡಗಿದವು. ಆ ಯಂತ್ರಕ್ಕೆ ಮೊದಲು ಬಂದದ್ದು ಬ್ರೋಕನ್ ಸ್ಟೀಲ್.

ಅಂತರಜಾಲ ಸಂಪರ್ಕವಿಲ್ಲದವರಿಗಾಗಿ ಮೊದಲ ನಾಲ್ಕು ಕಂತುಗಳನ್ನು ಎರಡೆರಡರಂತೆ ಡಿಸ್ಕ್‌ಗಳಲ್ಲಿಯೂ ಮಾರಲಾಯಿತು. 2009ರ ಅಕ್ಟೋಬರ್‌ನಲ್ಲಿ ಮೂಲ ಆಟ ಮತ್ತು ಐದೂ ಕಂತುಗಳನ್ನು ಒಳಗೊಂಡ ಗೇಮ್ ಆಫ್ ದಿ ಇಯರ್ ಆವೃತ್ತಿ ಪ್ರಕಟವಾಯಿತು.

ಕಂತುಗಳು

ಆಪರೇಷನ್ ಆಂಕರೇಜ್

ಅಣುಯುದ್ಧಕ್ಕೆ ಮುಂಚೆ ಚೀನಾದ ಸೇನೆ ಅಲಾಸ್ಕಾವನ್ನು ವಶಪಡಿಸಿಕೊಂಡಿದ್ದುದು, ಅಮೆರಿಕದ ಸೇನೆ ಅದನ್ನು ಮರಳಿ ಪಡೆದದ್ದು ಸರಣಿಯ ಕಾಲ್ಪನಿಕ ಇತಿಹಾಸದ ಭಾಗ. ಆ ಯುದ್ಧದ ಅನುಕರಣೆಯೊಂದನ್ನು ಸೈನಿಕರ ತರಬೇತಿಗಾಗಿ ಸಿದ್ಧಪಡಿಸಿದ ಹಳೆಯ ಯಂತ್ರ ಪಾಳುಭೂಮಿಯಲ್ಲಿ ಪತ್ತೆಯಾಗುತ್ತದೆ. ತರಬೇತಿಯನ್ನು ಪೂರ್ಣಗೊಳಿಸಿದರೆ ಮಾತ್ರ ಪಕ್ಕದ ಶಸ್ತ್ರಾಗಾರದ ಬಾಗಿಲು ತೆರೆಯುತ್ತದೆ. ಬ್ರದರ್‌ಹುಡ್‌ನಿಂದ ಸಿಡಿದು ಹೋದ ಗುಂಪೊಂದು ಆ ಶಸ್ತ್ರಾಗಾರಕ್ಕಾಗಿ ನಾಯಕನ ನೆರವು ಕೇಳುತ್ತದೆ.

ಅನುಕರಣೆಯ ಒಳಗೆ ಹಿಮದ ಬೆಟ್ಟಗಳಲ್ಲಿ ಯುದ್ಧ ನಡೆಯುತ್ತದೆ. ಮೂಲ ಆಟದಲ್ಲಿ ಸತ್ತ ಶತ್ರುವಿನ ಬಳಿಯಿದ್ದ ವಸ್ತುಗಳನ್ನು ಹುಡುಕಿ ತೆಗೆದುಕೊಳ್ಳುವುದು ಬದುಕುಳಿಯುವ ಕ್ರಮ. ಇಲ್ಲಿಯಾದರೋ ಶವಗಳು ಮಾಯವಾಗುತ್ತವೆ, ಮದ್ದುಗುಂಡುಗಳನ್ನು ಅಲ್ಲಲ್ಲಿ ಇಟ್ಟಿರುವ ಕೇಂದ್ರಗಳಿಂದ ತುಂಬಿಕೊಳ್ಳಬೇಕು. ಹುಡುಕಾಟ ಮತ್ತು ಸಂಭಾಷಣೆಗೆ ಬದಲಾಗಿ ಗುಂಡಿನ ಕಾಳಗಕ್ಕೆ ಒತ್ತು ಕೊಟ್ಟದ್ದು ಈ ಕಂತಿನ ಮುಖ್ಯ ಟೀಕೆಯಾಯಿತು. ಕೊನೆಯಲ್ಲಿ ದೊರೆಯುವ ಶಕ್ತಿಕವಚ ಮತ್ತು ಗಾಸ್ ಬಂದೂಕು ಉಳಿದ ಆಟವನ್ನು ತೀರಾ ಸುಲಭಗೊಳಿಸುತ್ತವೆ ಎಂಬ ಆಕ್ಷೇಪವೂ ಇದೆ.

ದಿ ಪಿಟ್

ಉಕ್ಕಿನ ಕಾರ್ಖಾನೆಗಳಿಗೆ ಹೆಸರಾದ ಪಿಟ್ಸ್‌ಬರ್ಗ್ ನಗರವು ಈ ಕಂತಿನ ಅಂಗಳ. ನಗರದ ನದಿಗಳಲ್ಲಿ ವಿಕಿರಣ ತುಂಬಿ, ಜನರಿಗೆ ವಾಸಿಯಾಗದ ರೋಗ ತಗಲಿದೆ. ರೋಗ ಮುದುರಿದವರು ಟ್ರಾಗ್ ಎಂಬ ವಿಕೃತ ಜೀವಿಗಳಾಗುತ್ತಾರೆ. ಉಕ್ಕಿನ ಕುಲುಮೆಗಳು ಮಾತ್ರ ಗುಲಾಮರ ದುಡಿಮೆಯಿಂದ ಮತ್ತೆ ಉರಿಯುತ್ತಿವೆ. ನಾಯಕನು ಗುಲಾಮನ ವೇಷದಲ್ಲಿ ಒಳಹೊಕ್ಕು, ಟ್ರಾಗ್‌ಗಳಿರುವ ಅಂಗಳದಿಂದ ಉಕ್ಕಿನ ಗಟ್ಟಿಗಳನ್ನು ಆಯ್ದು ತರುತ್ತಾ, ಅಖಾಡದಲ್ಲಿ ಹೋರಾಡಿ ಬಿಡುಗಡೆ ಗಳಿಸಬೇಕು.

ಗುಲಾಮರ ಬಂಡಾಯದ ಮುಖಂಡ ವರ್ನರ್, ರೋಗಕ್ಕೆ ಮದ್ದೊಂದು ಒಡೆಯನ ಬಳಿ ಇದೆಯೆಂದೂ ಅದನ್ನು ಕದ್ದು ತರಬೇಕೆಂದೂ ಕೇಳಿರುತ್ತಾನೆ. ಒಳಗೆ ಹೋದ ಮೇಲೆ ತಿಳಿಯುವುದೇನೆಂದರೆ, ಆ ಮದ್ದು ಒಡೆಯ ಆಶರ್ ಮತ್ತು ಅವನ ಪತ್ನಿಯ ಹಸುಗೂಸು. ಮಗುವಿಗೆ ರೋಗ ತಗಲುವುದಿಲ್ಲ. ಅದರ ದೇಹದ ಅಧ್ಯಯನದಿಂದ ಚಿಕಿತ್ಸೆ ಕಂಡುಹಿಡಿಯಬಹುದು. ತಂದೆತಾಯಿಗಳು ಆ ಸಂಶೋಧನೆಯನ್ನು ಎಚ್ಚರಿಕೆಯಿಂದ ನಡೆಸುತ್ತಿದ್ದಾರೆ, ಆದರೆ ಅವರ ನಗರ ನಿಂತಿರುವುದು ಗುಲಾಮಗಿರಿಯ ಮೇಲೆ. ಮಗುವನ್ನು ಅಪಹರಿಸಿ ಗುಲಾಮರ ಪಕ್ಷ ವಹಿಸಬೇಕೋ, ಬಂಡಾಯವನ್ನು ಹತ್ತಿಕ್ಕಿ ಮಗುವನ್ನು ಹೆತ್ತವರ ಬಳಿಯೇ ಉಳಿಸಬೇಕೋ ಎಂಬುದು ಆಟಗಾರನ ಮುಂದಿರುವ ಪ್ರಶ್ನೆ. ಮೂಲ ಆಟದ ಅನೇಕ ಆಯ್ಕೆಗಳಲ್ಲಿ ಒಳಿತು ಮತ್ತು ಕೆಡುಕು ಕಣ್ಣಿಗೆ ಕಾಣುವಷ್ಟು ಸ್ಪಷ್ಟವಾಗಿವೆ. ಇಲ್ಲಿ ಯಾವ ದಾರಿ ಹಿಡಿದರೂ ಯಾರಿಗೋ ಅನ್ಯಾಯವಾಗುತ್ತದೆ. ಈ ಕಾರಣದಿಂದ ಐದು ಕಂತುಗಳಲ್ಲಿ ನೈತಿಕ ದ್ವಂದ್ವಕ್ಕೆ ಉದಾಹರಣೆಯಾಗಿ ಹೆಚ್ಚು ಚರ್ಚೆಯಾಗುವುದು ದಿ ಪಿಟ್.

ಬ್ರೋಕನ್ ಸ್ಟೀಲ್

ಮೂಲ ಆಟದ ಮುಖ್ಯ ಕಥೆ ಮುಗಿದ ಎರಡು ವಾರಗಳ ನಂತರ ಈ ಕಂತಿನ ಕಥೆ ಆರಂಭವಾಗುತ್ತದೆ. ನಾಯಕ ಬ್ರದರ್‌ಹುಡ್‌ನ ಕೋಟೆಯಲ್ಲಿ ಎಚ್ಚರಗೊಂಡು, ಸೋತು ಚದುರಿದ ಎನ್‌ಕ್ಲೇವ್ ಸೇನೆಯ ವಿರುದ್ಧದ ಕೊನೆಯ ಹಂತದ ಯುದ್ಧದಲ್ಲಿ ಪಾಲ್ಗೊಳ್ಳುತ್ತಾನೆ. ಆಡಮ್ಸ್ ವಾಯುನೆಲೆಯಲ್ಲಿರುವ ಎನ್‌ಕ್ಲೇವ್‌ನ ಚಲಿಸುವ ಕೋಟೆಯನ್ನು ತಲುಪಿದಾಗ, ಉಪಗ್ರಹದ ಅಸ್ತ್ರವನ್ನು ಶತ್ರುವಿನ ಮೇಲೆ ಪ್ರಯೋಗಿಸಬೇಕೋ ಬ್ರದರ್‌ಹುಡ್‌ನ ಮೇಲೆಯೇ ತಿರುಗಿಸಬೇಕೋ ಎಂಬ ಆಯ್ಕೆ ಎದುರಾಗುತ್ತದೆ.

ಯುದ್ಧಕ್ಕಿಂತ ಗಮನಾರ್ಹವಾದದ್ದು ಕಂತಿನ ಉಪಕಥೆಗಳು. ಜಲಶುದ್ಧೀಕರಣ ಯಂತ್ರ ಈಗ ನಡೆಯುತ್ತಿದೆ. ಆಕ್ವಾ ಪ್ಯೂರಾ ಎಂಬ ಹೆಸರಿನ ಶುದ್ಧನೀರು ಸಿದ್ಧವಾಗಿದೆ. ಆದರೆ ನೀರು ಇರುವುದು ಬೇರೆ, ಅದು ಜನರಿಗೆ ತಲುಪುವುದು ಬೇರೆ. ನೀರು ಸಾಗಿಸುವ ಬಂಡಿಗಳ ಮೇಲೆ ದಾಳಿಗಳಾಗುತ್ತವೆ. ಒಬ್ಬ ವಂಚಕ ಕೊಳಕು ನೀರಿಗೆ ಹೊಸ ಹೆಸರಿಟ್ಟು ಔಷಧಿಯೆಂದು ಮಾರುತ್ತಾನೆ. ಒಂದು ಧಾರ್ಮಿಕ ಪಂಗಡ ಶುದ್ಧನೀರಿಗೆ ಮತ್ತೆ ವಿಕಿರಣ ಬೆರೆಸಿ ತೀರ್ಥವೆಂದು ಹಂಚುತ್ತದೆ. ಮೂಲ ಆಟದಲ್ಲಿ ಯಂತ್ರಕ್ಕೆ ವಿಷಾಣುವನ್ನು ಸೇರಿಸಿದ್ದರೆ, ಈ ಕಂತಿನಲ್ಲಿ ಆ ನೀರು ಕುಡಿದವರು ಕಾಯಿಲೆ ಬಿದ್ದು ಸಾಯುವುದನ್ನು ನೋಡಬೇಕಾಗುತ್ತದೆ. ಯೋಜನೆಯೊಂದು ಉದ್ಘಾಟನೆಯೊಂದಿಗೆ ಮುಗಿಯುವುದಿಲ್ಲ, ವಿತರಣೆಯಲ್ಲಿಯೇ ಅದರ ಪರೀಕ್ಷೆ ಇದೆ ಎಂಬುದನ್ನು ಈ ಉಪಕಥೆಗಳು ತೋರಿಸುತ್ತವೆ.

ಆಟಗಾರನು ತಲುಪಬಹುದಾದ ಗರಿಷ್ಠ ಹಂತವನ್ನು ಈ ಕಂತು 20ರಿಂದ 30ಕ್ಕೆ ಏರಿಸಿತು. ಅದಕ್ಕೆ ತಕ್ಕಂತೆ ಹೊಸ ಸಾಮರ್ಥ್ಯಗಳೂ ಹೆಚ್ಚು ಬಲಿಷ್ಠರಾದ ಶತ್ರುಗಳೂ ಸೇರಿದವು.

ಪಾಯಿಂಟ್ ಲುಕೌಟ್

ಮೇರಿಲ್ಯಾಂಡ್ ರಾಜ್ಯದಲ್ಲಿ ಪೊಟೊಮ್ಯಾಕ್ ನದಿಯು ಚೆಸಪೀಕ್ ಕೊಲ್ಲಿಯನ್ನು ಸೇರುವಲ್ಲಿ ಪಾಯಿಂಟ್ ಲುಕೌಟ್ ಎಂಬ ಭೂಶಿರವಿದೆ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಅಲ್ಲಿ ದಕ್ಷಿಣದ ಸೈನಿಕರನ್ನು ಇರಿಸಿದ್ದ ಸೆರೆಶಿಬಿರವಿತ್ತು. ಇಂದು ಅದು ರಾಜ್ಯ ಉದ್ಯಾನವಾಗಿದೆ. ಆಟದಲ್ಲಿ ಇದು ಜೌಗು ತುಂಬಿದ, ಮಂಜು ಕವಿದ ಪ್ರದೇಶ. ನಾಯಕನು ದೋಣಿಯಲ್ಲಿ ಅಲ್ಲಿಗೆ ತಲುಪಿ, ಡೆಸ್ಮಂಡ್ ಮತ್ತು ಕ್ಯಾಲ್ವರ್ಟ್ ಎಂಬ ಇಬ್ಬರ ಶತಮಾನಗಳಷ್ಟು ಹಳೆಯ ಹಗೆತನದಲ್ಲಿ ಸಿಲುಕುತ್ತಾನೆ. ಕಾಣೆಯಾದ ಮಗಳನ್ನು ಹುಡುಕಿಕೊಡುವಂತೆ ತಾಯಿಯೊಬ್ಬಳು ಕೇಳಿಕೊಳ್ಳುವುದು ಮತ್ತೊಂದು ಎಳೆ.

ಮೊದಲೆರಡು ಕಂತುಗಳು ಆಟಗಾರನನ್ನು ನಿಗದಿತ ದಾರಿಯಲ್ಲಿ ನಡೆಸುತ್ತವೆ. ಪಾಯಿಂಟ್ ಲುಕೌಟ್ ಇಡೀ ಪ್ರದೇಶವನ್ನು ತೆರೆದಿಟ್ಟು, ಎತ್ತ ಬೇಕಾದರೂ ಅಲೆಯುವ ಅವಕಾಶ ಕೊಡುತ್ತದೆ. ಮೂಲ ಆಟದ ಸ್ವಭಾವಕ್ಕೆ ಇದು ಹತ್ತಿರವಾಗಿರುವುದರಿಂದ ವಿಮರ್ಶಕರು ಇದನ್ನು ಉತ್ತಮ ಕಂತುಗಳಲ್ಲಿ ಒಂದೆಂದು ಪರಿಗಣಿಸಿದರು.

ಮದರ್‌ಶಿಪ್ ಝೀಟಾ

ಪಾಳುಭೂಮಿಯಲ್ಲಿ ಬಿದ್ದಿರುವ ಅನ್ಯಗ್ರಹದ ನೌಕೆಯ ಅವಶೇಷದ ಬಳಿ ಹೋದ ನಾಯಕನನ್ನು ಅನ್ಯಗ್ರಹವಾಸಿಗಳು ಅಪಹರಿಸುತ್ತಾರೆ. ಅವರ ನೌಕೆಯಲ್ಲಿ ಬೇರೆ ಬೇರೆ ಕಾಲಗಳಿಂದ ಸೆರೆಹಿಡಿದು ತಂದ ಮನುಷ್ಯರಿದ್ದಾರೆ. ಜಪಾನಿನ ಸಮುರಾಯ್, ಅಮೆರಿಕದ ಪಶ್ಚಿಮ ಸೀಮೆಯ ಗೋಪಾಲಕ, ಆಂಕರೇಜ್ ಯುದ್ಧದ ಸೈನಿಕ, ಒಬ್ಬ ಪುಟ್ಟ ಹುಡುಗಿ ಇವರೆಲ್ಲರ ಜೊತೆ ಸೇರಿ ನಾಯಕ ನೌಕೆಯನ್ನು ವಶಪಡಿಸಿಕೊಳ್ಳುತ್ತಾನೆ. ಹಗುರ ಹಾಸ್ಯದ ಧಾಟಿಯ ಈ ಕಂತಿಗೆ ಮಿಶ್ರ ಪ್ರತಿಕ್ರಿಯೆ ಬಂದಿತು. ಒಂದೇ ಬಗೆಯ ಓಣಿಗಳಲ್ಲಿ ಮತ್ತೆ ಮತ್ತೆ ಕಾಳಗ ನಡೆಯುತ್ತದೆ ಎಂಬುದು ಪ್ರಮುಖ ದೂರು.

ಅಂತ್ಯದ ತಿದ್ದುಪಡಿ

ಮೂಲ ಆಟದ ಕೊನೆಯಲ್ಲಿ ಜಲಶುದ್ಧೀಕರಣ ಯಂತ್ರದ ಕೋಣೆ ಪ್ರಾಣಾಂತಕ ವಿಕಿರಣದಿಂದ ತುಂಬಿರುತ್ತದೆ. ಯಾರಾದರೂ ಒಳಗೆ ಹೋಗಿ ಸಂಕೇತಸಂಖ್ಯೆಯನ್ನು ಒತ್ತಲೇಬೇಕು. ನಾಯಕ ತಾನೇ ಹೋಗಿ ಪ್ರಾಣ ಕೊಡಬಹುದು, ಇಲ್ಲವೇ ಬ್ರದರ್‌ಹುಡ್‌ನ ಸೇನಾನಿ ಸಾರಾ ಲಯನ್ಸ್‌ಳನ್ನು ಕಳುಹಿಸಬಹುದು. ಯಾವುದನ್ನು ಆರಿಸಿದರೂ ಆಟ ಅಲ್ಲಿಗೆ ಮುಗಿಯುತ್ತಿತ್ತು. ಜಗತ್ತಿನ ಉಳಿದ ಭಾಗವನ್ನು ನೋಡಬೇಕೆಂದರೆ ಹಿಂದಿನ ಹಂತಕ್ಕೆ ಮರಳಬೇಕಾಗಿತ್ತು.

ಇದಕ್ಕೆ ಆಟಗಾರರು ಎರಡು ಆಕ್ಷೇಪಗಳನ್ನು ಎತ್ತಿದರು. ಮೊದಲನೆಯದು, ಮುಕ್ತವಾಗಿ ಅಲೆಯುವ ಆಟವೊಂದು ಮುಖ್ಯ ಕಥೆಯೊಂದಿಗೇ ಬಾಗಿಲು ಮುಚ್ಚುವುದು ಸರಿಯಲ್ಲ ಎಂಬುದು. ಎರಡನೆಯದು ಕಥೆಯ ತರ್ಕಕ್ಕೆ ಸಂಬಂಧಿಸಿದ್ದು. ನಾಯಕನ ಜೊತೆಗಾರರಲ್ಲಿ ಒಬ್ಬನಾದ ಫಾಕ್ಸ್ ಎಂಬ ಸೂಪರ್ ಮ್ಯೂಟೆಂಟ್‌ಗೆ ವಿಕಿರಣದಿಂದ ಹಾನಿಯಿಲ್ಲ. ಅದೇ ಆಟದಲ್ಲಿ ಮುಂಚೆ ಅವನು ವಿಕಿರಣ ತುಂಬಿದ ಕೋಣೆಗೆ ಹೋಗಿ ವಸ್ತುವೊಂದನ್ನು ತಂದುಕೊಟ್ಟಿರುತ್ತಾನೆ. ಆದರೂ ಕೊನೆಯ ಕ್ಷಣದಲ್ಲಿ ಅವನನ್ನು ಕೇಳಿದರೆ, ಇದು ನಿನ್ನ ಪಾಲಿನ ವಿಧಿ ಎನ್ನುವ ಅರ್ಥದ ಮಾತಾಡಿ ನಿರಾಕರಿಸುತ್ತಿದ್ದನು. ತ್ಯಾಗ ಅನಿವಾರ್ಯವಲ್ಲದಿದ್ದರೂ ಕಥೆ ಅದನ್ನು ಬಲವಂತವಾಗಿ ಹೇರುತ್ತದೆ ಎಂಬ ಅಸಮಾಧಾನ ಇದರಿಂದ ಹುಟ್ಟಿತು.

ಬ್ರೋಕನ್ ಸ್ಟೀಲ್ ಎರಡೂ ಆಕ್ಷೇಪಗಳಿಗೆ ಉತ್ತರ ಕೊಟ್ಟಿತು. ಅದನ್ನು ಅಳವಡಿಸಿಕೊಂಡವರು ಫಾಕ್ಸ್‌ನಂತಹ ವಿಕಿರಣನಿರೋಧಕ ಜೊತೆಗಾರರನ್ನು ಒಳಗೆ ಕಳುಹಿಸಬಹುದು. ತಾವೇ ಹೋದರೂ ಬದುಕಿ ಉಳಿದು ಆಟ ಮುಂದುವರಿಸಬಹುದು. ಈ ಬದಲಾವಣೆಯ ಬಗ್ಗೆ ಎರಡು ಅಭಿಪ್ರಾಯಗಳಿವೆ. ಬಳಕೆದಾರರ ಮಾತಿಗೆ ತಯಾರಕರು ಬೆಲೆ ಕೊಟ್ಟರು ಎಂಬುದು ಒಂದು. ಪೂರ್ಣ ಬೆಲೆ ಕೊಟ್ಟು ಕೊಂಡ ಕೃತಿಯ ಕುಂದನ್ನು ಸರಿಪಡಿಸಲು ಮತ್ತೆ ಹಣ ಕೇಳಲಾಯಿತು, ತ್ಯಾಗದ ತೂಕವೂ ಕಡಿಮೆಯಾಯಿತು ಎಂಬುದು ಇನ್ನೊಂದು. ಮುದ್ರಿತ ಪುಸ್ತಕದಂತೆ ಒಮ್ಮೆ ಹೊರಬಂದರೆ ಸ್ಥಿರವಾಗಿ ಉಳಿಯುವ ವಸ್ತು ವಿಡಿಯೋ ಗೇಮ್ ಅಲ್ಲ ಎಂಬುದನ್ನು ಈ ಪ್ರಕರಣ ಸ್ಪಷ್ಟಪಡಿಸಿತು.

ತಾಂತ್ರಿಕ ರಚನೆ

ಮೂಲ ಆಟದ ಎಲ್ಲ ಸ್ಥಳ, ಪಾತ್ರ, ವಸ್ತು ಮತ್ತು ಕಾರ್ಯಭಾರಗಳ ವಿವರಗಳು ಒಂದು ಮುಖ್ಯ ದತ್ತಾಂಶ ಕಡತದಲ್ಲಿ ದಾಖಲೆಗಳ ರೂಪದಲ್ಲಿರುತ್ತವೆ. ಪ್ರತಿ ದಾಖಲೆಗೂ ಪ್ರತ್ಯೇಕ ಗುರುತುಸಂಖ್ಯೆ ಇರುತ್ತದೆ. ಪ್ರತಿ ವಿಸ್ತರಣಾ ಕಂತೂ ಇಂತಹುದೇ ಇನ್ನೊಂದು ಕಡತವನ್ನು ತರುತ್ತದೆ. ಚಿತ್ರ ಮತ್ತು ಧ್ವನಿಗಳು ಜೊತೆಯ ಸಂಗ್ರಹ ಕಡತಗಳಲ್ಲಿರುತ್ತವೆ. ಆಟ ಆರಂಭವಾದಾಗ ಕಡತಗಳನ್ನು ಒಂದು ನಿಶ್ಚಿತ ಕ್ರಮದಲ್ಲಿ ಓದಲಾಗುತ್ತದೆ. ಹೊಸ ಗುರುತುಸಂಖ್ಯೆಯ ದಾಖಲೆಯಿದ್ದರೆ ಅದು ಜಗತ್ತಿಗೆ ಸೇರ್ಪಡೆಯಾಗುತ್ತದೆ. ಹಳೆಯ ಗುರುತುಸಂಖ್ಯೆಯ ದಾಖಲೆಯೇ ಮತ್ತೆ ಬಂದರೆ, ಕೊನೆಯಲ್ಲಿ ಓದಿದ ಕಡತದ ಮಾತೇ ಊರ್ಜಿತವಾಗುತ್ತದೆ.

ಬ್ರೋಕನ್ ಸ್ಟೀಲ್ ಮೂಲ ಕಡತವನ್ನು ಅಳಿಸದೆಯೇ ಅಂತ್ಯವನ್ನು ಬದಲಾಯಿಸಿದ್ದು ಈ ಏರ್ಪಾಟಿನಿಂದ. ಕಂತನ್ನು ತೆಗೆದುಹಾಕಿದರೆ ಹಳೆಯ ಅಂತ್ಯ ಹಾಗೆಯೇ ಉಳಿದಿರುತ್ತದೆ. 2008ರ ಡಿಸೆಂಬರ್‌ನಲ್ಲಿ ಬೆಥೆಸ್ಡಾ ವಿಂಡೋಸ್ ಬಳಕೆದಾರರಿಗಾಗಿ ಉಚಿತವಾಗಿ ಬಿಡುಗಡೆ ಮಾಡಿದ ಗೆಕ್ ಎಂಬ ಸಂಪಾದನಾ ತಂತ್ರಾಂಶವೂ ಇದೇ ತತ್ವದ ಮೇಲೆ ಕೆಲಸ ಮಾಡುತ್ತದೆ. ಅದರ ನೆರವಿನಿಂದ ಹವ್ಯಾಸಿಗಳು ಮಾಡ್ ಎಂದು ಕರೆಯಲಾಗುವ ತಮ್ಮದೇ ವಿಸ್ತರಣೆಗಳನ್ನು ತಯಾರಿಸಿ ಹಂಚಿಕೊಳ್ಳುತ್ತಾರೆ.

ಭಾರತದಲ್ಲಿ

2008ರ ಅಕ್ಟೋಬರ್‌ನಲ್ಲಿ, ಆಟದ ಜಾಗತಿಕ ಬಿಡುಗಡೆಗೆ ಕೆಲವೇ ದಿನಗಳ ಮುಂಚೆ, ಫಾಲೌಟ್ 3ರ ಎಕ್ಸ್‌ಬಾಕ್ಸ್ 360 ಆವೃತ್ತಿಯನ್ನು ಭಾರತಕ್ಕೆ ತರುವುದಿಲ್ಲವೆಂದು ಮೈಕ್ರೋಸಾಫ್ಟ್ ತಿಳಿಸಿತು. ದೇಶದ ಸಾಂಸ್ಕೃತಿಕ ಸೂಕ್ಷ್ಮತೆಗಳನ್ನು ಗಮನದಲ್ಲಿಟ್ಟು ಕೈಗೊಂಡ ವ್ಯಾಪಾರ ನಿರ್ಧಾರ ಇದೆಂದು ಅದು ಹೇಳಿತೇ ಹೊರತು, ಆಟದ ಯಾವ ಅಂಶ ಆಕ್ಷೇಪಾರ್ಹ ಎಂಬುದನ್ನು ವಿವರಿಸಲಿಲ್ಲ. ಇದನ್ನು ಸರ್ಕಾರದ ನಿಷೇಧ ಎನ್ನುವುದು ಸರಿಯಲ್ಲ. ಚಲನಚಿತ್ರಗಳಿಗಿರುವಂತೆ ವಿಡಿಯೋ ಗೇಮ್‌ಗಳನ್ನು ಪರಿಶೀಲಿಸುವ ಪ್ರಮಾಣೀಕರಣ ಮಂಡಳಿ ಆಗ ಭಾರತದಲ್ಲಿ ಇರಲಿಲ್ಲ. ನಿರ್ಧಾರ ಸಂಸ್ಥೆಯದೇ ಆಗಿತ್ತು. ಆಸ್ಟ್ರೇಲಿಯಾದಲ್ಲಿ ಇದಕ್ಕೆ ಭಿನ್ನವಾಗಿ, ಸರ್ಕಾರಿ ವರ್ಗೀಕರಣ ಮಂಡಳಿಯು ಮಾರ್ಫಿನ್ ಬಳಕೆಯ ಕಾರಣ ಕೊಟ್ಟು ಅನುಮತಿ ನಿರಾಕರಿಸಿತ್ತು. ಬೆಥೆಸ್ಡಾ ಆ ಔಷಧಿಯ ಹೆಸರನ್ನು ಮೆಡ್-ಎಕ್ಸ್ ಎಂದು ಬದಲಾಯಿಸಿದ ಮೇಲೆ ಅನುಮತಿ ದೊರೆಯಿತು. ಕಾರಣ ತಿಳಿದಿದ್ದರಿಂದ ಅಲ್ಲಿ ತಿದ್ದುಪಡಿ ಸಾಧ್ಯವಾಯಿತು.

ಭಾರತದ ವಿಷಯದಲ್ಲಿ ಪತ್ರಿಕೆಗಳ ಊಹೆ ಮುಖ್ಯವಾಗಿ ಆಟದಲ್ಲಿರುವ ಎರಡು ತಲೆಯ ದನದ ಕಡೆಗೆ ಹೊರಳಿತು. ವಿಕಿರಣದಿಂದ ರೂಪಾಂತರಗೊಂಡ ಈ ದನಕ್ಕೆ ಆಟದಲ್ಲಿ ಬ್ರಾಹ್ಮಿನ್ ಎಂದು ಹೆಸರು. ವ್ಯಾಪಾರಿಗಳು ಅದರ ಬೆನ್ನ ಮೇಲೆ ಸರಕು ಹೇರುತ್ತಾರೆ. ಅದರ ಮಾಂಸವೂ ಆಟದ ಆಹಾರ ಪದಾರ್ಥಗಳಲ್ಲಿ ಒಂದು. ಗೋವಿನ ಪಾವಿತ್ರ್ಯ ಮತ್ತು ಸಮುದಾಯವೊಂದರ ಹೆಸರು ಎರಡೂ ಇಲ್ಲಿ ಒಟ್ಟಿಗೆ ಬಂದಿರುವುದರಿಂದ ವಿವಾದವಾಗಬಹುದೆಂದು ಸಂಸ್ಥೆ ಭಾವಿಸಿರಬಹುದು ಎಂಬುದು ಆ ಊಹೆಯ ಸಾರ.

ಈ ಹೆಸರು ಅಮೆರಿಕದಲ್ಲಿ ಬಳಕೆಯಲ್ಲಿರುವ ಬ್ರಾಹ್ಮನ್ ಎಂಬ ಗೋತಳಿಯ ಹೆಸರನ್ನು ಹೋಲುತ್ತದೆ. ಆ ತಳಿಯನ್ನು ಭಾರತದಿಂದ ಹೋದ ಗುಬ್ಬಿನ ದನಗಳಿಂದ ಅಮೆರಿಕದಲ್ಲಿ ಅಭಿವೃದ್ಧಿಪಡಿಸಲಾಯಿತು. ಅದರ ಮೂಲ ತಳಿಗಳಲ್ಲಿ ಗಿರ್, ಕಾಂಕ್ರೇಜ್ ಮತ್ತು ಓಂಗೋಲ್‌ಗಳ ಜೊತೆಗೆ ಕೃಷ್ಣಾ ಕಣಿವೆಯ ತಳಿಯನ್ನೂ ಹೆಸರಿಸಲಾಗುತ್ತದೆ. ಕೃಷ್ಣಾ ಕಣಿವೆಯ ತಳಿಯು ಬೆಳಗಾವಿ, ವಿಜಯಪುರ, ರಾಯಚೂರು ಜಿಲ್ಲೆಗಳನ್ನೂ ನೆರೆಯ ಮಹಾರಾಷ್ಟ್ರದ ಭಾಗಗಳನ್ನೂ ಒಳಗೊಂಡ ಎರೆಭೂಮಿಯ ದನ. ಸರಣಿಯ ನಂತರದ ಆಟವಾದ ಫಾಲೌಟ್ 4 ಭಾರತದಲ್ಲಿ ಮಾರಾಟವಾಯಿತು. ಅದರಲ್ಲಿಯೂ ಅದೇ ಹೆಸರಿನ ಎರಡು ತಲೆಯ ದನವಿದೆ.

ಮೂಲ ಆಟವಿಲ್ಲದೆ ಕಂತು ನಡೆಯದ ಕಾರಣ, ಭಾರತದ ಎಕ್ಸ್‌ಬಾಕ್ಸ್ 360 ಗ್ರಾಹಕರಿಗೆ ಮೂಲ ಆಟದೊಂದಿಗೆ ಅದರ ವಿಸ್ತರಣೆಗಳ ಅಧಿಕೃತ ದಾರಿಯೂ ತಪ್ಪಿದಂತಾಯಿತು. ಡೌನ್‌ಲೋಡ್ ಎಂಬುದೇ ಆ ಕಾಲಕ್ಕೆ ಇನ್ನೊಂದು ಅಡಚಣೆ. 2004ರ ರಾಷ್ಟ್ರೀಯ ನೀತಿಯು ಬ್ರಾಡ್‌ಬ್ಯಾಂಡ್ ಎಂದು ಕರೆಯಲು ನಿಗದಿಪಡಿಸಿದ್ದ ಕನಿಷ್ಠ ವೇಗ ಸೆಕೆಂಡಿಗೆ 256 ಕಿಲೋಬಿಟ್. ಆ ವೇಗದಲ್ಲಿ 500 ಮೆಗಾಬೈಟ್ ಗಾತ್ರದ ಕಡತವನ್ನು ಇಳಿಸಿಕೊಳ್ಳಲು, ಸಂಪರ್ಕ ಒಮ್ಮೆಯೂ ಕಡಿಯದಿದ್ದರೆ, ಸುಮಾರು 4 ಗಂಟೆ 20 ನಿಮಿಷ ಬೇಕಾಗುತ್ತದೆ. ನಡುವೆ ವಿದ್ಯುತ್ ಹೋಗುವ ಊರುಗಳಲ್ಲಿ ಇದು ಇನ್ನೂ ಕಷ್ಟ. ಎಲ್ಲ ಕಂತುಗಳನ್ನೂ ಡಿಸ್ಕ್‌ನಲ್ಲಿಯೇ ಕೊಡುವ ಗೇಮ್ ಆಫ್ ದಿ ಇಯರ್ ಆವೃತ್ತಿಯ ಮಹತ್ವ ಇಂತಹ ಪರಿಸರದಲ್ಲಿ ಅರ್ಥವಾಗುತ್ತದೆ.

ಮೂಲ ಆಟಕ್ಕಾಗಲಿ ಕಂತುಗಳಿಗಾಗಲಿ ಕನ್ನಡವೂ ಸೇರಿ ಯಾವ ಭಾರತೀಯ ಭಾಷೆಯಲ್ಲಿಯೂ ಅಧಿಕೃತ ಆವೃತ್ತಿ ಇಲ್ಲ. ಸಂಭಾಷಣೆಯನ್ನು ಓದಿ ಆಯ್ಕೆ ಮಾಡುವುದೇ ಈ ಬಗೆಯ ಆಟದ ಜೀವಾಳವಾಗಿರುವುದರಿಂದ, ಇಂಗ್ಲಿಷ್ ಓದಲು ಬಾರದವರಿಗೆ ಕಾಳಗದ ಭಾಗ ಮಾತ್ರ ದಕ್ಕುತ್ತದೆ.

ನಂತರದ ಪರಿಣಾಮ

ಅಬ್ಸಿಡಿಯನ್ ಸಂಸ್ಥೆ ತಯಾರಿಸಿದ ಫಾಲೌಟ್: ನ್ಯೂ ವೇಗಸ್ ಆಟಕ್ಕೆ 2010ರ ಡಿಸೆಂಬರ್‌ನಿಂದ 2011ರ ಸೆಪ್ಟೆಂಬರ್‌ವರೆಗೆ ನಾಲ್ಕು ಕಥಾಕಂತುಗಳು ಬಂದವು. ಫಾಲೌಟ್ 3ರ ಕಂತುಗಳು ಒಂದಕ್ಕೊಂದು ಹೆಚ್ಚು ಸಂಬಂಧವಿಲ್ಲದ ಬಿಡಿಕಥೆಗಳಾಗಿದ್ದರೆ, ನ್ಯೂ ವೇಗಸ್‌ನ ಡೆಡ್ ಮನಿ, ಆನೆಸ್ಟ್ ಹಾರ್ಟ್ಸ್, ಓಲ್ಡ್ ವರ್ಲ್ಡ್ ಬ್ಲೂಸ್ ಮತ್ತು ಲೋನ್‌ಸಮ್ ರೋಡ್ ಒಂದೇ ದೊಡ್ಡ ಕಥೆಯ ಎಳೆಯಿಂದ ಬೆಸೆದುಕೊಂಡಿವೆ. ಫಾಲೌಟ್ 4ಕ್ಕೆ 2016ರಲ್ಲಿ ಆರು ಕಂತುಗಳು ಬಂದವು. ಅವುಗಳಲ್ಲಿ ಫಾರ್ ಹಾರ್ಬರ್ ಪಾಯಿಂಟ್ ಲುಕೌಟ್‌ನಂತೆಯೇ ಮಂಜು ಕವಿದ ಕರಾವಳಿಯ ಮುಕ್ತ ಪ್ರದೇಶ. ಈ ಎರಡೂ ಆಟಗಳು ಫಾಲೌಟ್ 3ರ ಅನುಭವದಿಂದ ಕಲಿತ ಪಾಠ ಭಿನ್ನವಾಗಿದೆ. ನ್ಯೂ ವೇಗಸ್ ಮುಖ್ಯ ಕಥೆಯೊಂದಿಗೆ ಮುಗಿಯುತ್ತದೆ. ಫಾಲೌಟ್ 4 ಕಥೆ ಮುಗಿದ ಮೇಲೂ ಮುಂದುವರಿಯುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಫಾಲೌಟ್ 76 ಎಂಬ ಬಹುಬಳಕೆದಾರರ ಆಟಕ್ಕೆ ಪಿಟ್ಸ್‌ಬರ್ಗ್‌ನ ಕಥೆಯನ್ನು ದಿ ಪಿಟ್ ಹೆಸರಿನಲ್ಲಿಯೇ ಮತ್ತೆ ತರಲಾಯಿತು.

ಲಭ್ಯತೆ

ಅಂತರಜಾಲದಲ್ಲಿ ಮಾತ್ರ ದೊರೆಯುವ ಕಂತುಗಳ ಆಯುಸ್ಸು ಅವುಗಳನ್ನು ಮಾರುವ ಸೇವೆಯ ಆಯುಸ್ಸನ್ನು ಅವಲಂಬಿಸಿರುತ್ತದೆ. ಕಂತುಗಳನ್ನು ಕೊಳ್ಳಲು ಬಳಸುತ್ತಿದ್ದ ಮೈಕ್ರೋಸಾಫ್ಟ್ ಪಾಯಿಂಟ್ ಪದ್ಧತಿ 2013ರಲ್ಲಿ ರದ್ದಾಯಿತು. ವಿಂಡೋಸ್ ಆವೃತ್ತಿಯು ಗೇಮ್ಸ್ ಫಾರ್ ವಿಂಡೋಸ್ ಲೈವ್ ಎಂಬ ಸೇವೆಗೆ ಕಟ್ಟುಬಿದ್ದಿತ್ತು. ಆ ಸೇವೆ ಕ್ಷೀಣಿಸಿದಂತೆ ಹೊಸ ಗಣಕಗಳಲ್ಲಿ ಆಟ ತೆರೆಯುವುದೇ ಕಷ್ಟವಾಯಿತು. 2021ರ ಮಾರ್ಚ್‌ನಲ್ಲಿ ಬೆಥೆಸ್ಡಾದ ಮಾತೃಸಂಸ್ಥೆ ಝೆನಿಮ್ಯಾಕ್ಸ್ ಮೈಕ್ರೋಸಾಫ್ಟ್‌ನ ಒಡೆತನಕ್ಕೆ ಬಂದಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸ್ಟೀಮ್ ಮಳಿಗೆಯ ಆವೃತ್ತಿಯಿಂದ ಆ ಕಟ್ಟನ್ನು ತೆಗೆದುಹಾಕಲಾಯಿತು. ಎಕ್ಸ್‌ಬಾಕ್ಸ್ 360 ಯಂತ್ರದ ಅಂತರಜಾಲ ಮಳಿಗೆಯನ್ನು 2024ರ ಜುಲೈ 29ರಂದು ಮುಚ್ಚಲಾಯಿತು. ಆ ದಿನದ ನಂತರ ಹಳೆಯ ಯಂತ್ರದ ಮಳಿಗೆಯಲ್ಲಿ ಕಂತುಗಳನ್ನು ಹೊಸದಾಗಿ ಕೊಳ್ಳಲಾಗದು. ಐದೂ ಕಂತುಗಳಿರುವ ಡಿಸ್ಕ್ ಹೊಂದಿದವರು ಮಾತ್ರ ಯಾವ ಮಳಿಗೆಯ ಹಂಗೂ ಇಲ್ಲದೆ ಅವುಗಳನ್ನು ಅಳವಡಿಸಿಕೊಳ್ಳಬಹುದು.